ಕೆಜಿಎಫ್ ಬಂಗಲೆ ಅಡುಗೆ, ಮರಳಿನ ಮೇಲೆ ಬೇಯಿಸಿದ ಕೇಕ್: ಅಮ್ಮನ ಹಳೇ ನೋಟ್‌ಬುಕ್ ಅರ್ಥ ಮಾಡಿಕೊಳ್ಳಲು ಸಹಾಯ ಬೇಕು

ಚಾಂಪಿಯನ್ ರೀಫ್ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮಮ್ಮನ ಅಪ್ಪ ಕೆಜಿಎಫ್‌ನಲ್ಲಿ ಗಣಿ ಕಂಪನಿಯ ಒಬ್ಬ ದೊರೆಯ ಬಂಗಲೆಯಲ್ಲಿ ಅಡುಗೆಯವರಾಗಿದ್ದರು. ತಾತನಿಗೆ ಓದು ಬರಹ ಬರುತ್ತಿರಲಿಲ್ಲ. ಎಲ್ಲ ಬಾಯಿಪಾಠ. ಅಮ್ಮ ಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ ಅವರು ಹೇಳಿದ್ದನ್ನು ಕೇಳಿಸಿಕೊಂಡು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಅದು ಈಗ ನನ್ನ ಹತ್ತಿರ ಇದೆ.

ಕ್ರಿಸ್‌ಮಸ್ ಕೇಕಿನ ಪುಟ ಹೀಗಿದೆ:

"ಬೆಣ್ಣೆ ಒಂದು ರಾತಲು. ಸಕ್ಕರೆ ಒಂದು ರಾತಲು. ಮೊಟ್ಟೆ ಹನ್ನೆರಡು. ಮೈದಾ ಮುಕ್ಕಾಲು ರಾತಲು, ಸಣ್ಣ ರವೆ ಕಾಲು ರಾತಲು. ದ್ರಾಕ್ಷಿ ಎರಡು ರಾತಲು. ಪೇಠ ಅರ್ಧ ಸೇರು. ಬ್ರಾಂದಿ ಎರಡು ವೈನ್ ಗ್ಲಾಸು. ಸಕ್ಕರೆ ಸುಟ್ಟ ನೀರು, ಬಣ್ಣ ಬರುವಷ್ಟು. ಮರಳಿನ ಮೇಲೆ ಇಡುವುದು, ಮುಚ್ಚಳದ ಮೇಲೂ ಕೆಂಡ."

ಅಷ್ಟೇ. ಎಷ್ಟು ಹೊತ್ತು, ಎಷ್ಟು ಬಿಸಿ, ಏನೂ ಇಲ್ಲ. ನನಗೆ ಈ ಅಳತೆ ಗ್ರಾಂನಲ್ಲಿ ಬೇಕು. ಮರಳಿನ ಕೆಲಸ ಈಗ ಗ್ಯಾಸ್ ಮೇಲೆ ಆಗುತ್ತದಾ? ಕೇಕಿಗೆ ರವೆ ಯಾಕೆ? ಇನ್ನೊಂದು ಪುಟದಲ್ಲಿ "ಹಿಟ್ಟನ್ನು ಹೊಸ ಬಾಚಣಿಗೆ ಮೇಲೆ ಉರುಳಿಸಿ ಎಣ್ಣೆಗೆ ಬಿಡುವುದು" ಅಂತಿದೆ. ಅದೇನು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಇದನ್ನು ತಾತ ಮಾಡುತ್ತಿದ್ದ ಹಾಗೇ ಮಾಡಬೇಕು ಅನ್ನೋದು ನನ್ನ ಆಸೆ.

ಗಾಂಧಿಬಜಾರ್ ತಕ್ಕಡಿ

ಅಳತೆ ನಾನು ಹೇಳುತ್ತೇನೆ. ರಾತಲು ಅಂದರೆ ಪೌಂಡು, 454 ಗ್ರಾಂ. ವೈನ್ ಗ್ಲಾಸು ಅಂತ ಹಳೇ ಅಡುಗೆ ಬರಹದಲ್ಲಿ ಎಲ್ಲಿ ಬಂದರೂ ಸುಮಾರು 60 ಎಂಎಲ್ ಅಂದುಕೊಳ್ಳಿ. ಎರಡು ಗ್ಲಾಸು ಅಂದರೆ 120.

ಸೇರು ಮಾತ್ರ ಹುಷಾರು. ಮೈಸೂರು ಸೀಮೆಯಲ್ಲಿ ತೂಕದ ಕಚ್ಚಾ ಸೇರು ಅಂದರೆ 24 ತೊಲ, ಸುಮಾರು 280 ಗ್ರಾಂ. ಉತ್ತರದ ಕಡೆಯ ಪಕ್ಕಾ ಸೇರು 80 ತೊಲ, ಸುಮಾರು 933 ಗ್ರಾಂ. ನಿಮ್ಮದು ಕೋಲಾರ ಕಡೆ, ಹಾಗಾಗಿ ಕಚ್ಚಾ ಸೇರೇ ಇರಬೇಕು. ಪೇಠ 140 ಗ್ರಾಂ ಹಾಕಿ. ಪಕ್ಕಾ ಲೆಕ್ಕದಲ್ಲಿ ಅರ್ಧ ಕೇಜಿ ಹತ್ತಿರ ಹೋಗುತ್ತದೆ, ಕೇಕಿನಲ್ಲಿ ಬೇರೇನೂ ಕಾಣುವುದಿಲ್ಲ.

ಈಗ ಮುಖ್ಯ ವಿಷಯ. ಹನ್ನೆರಡು ಮೊಟ್ಟೆ ಅಂತ ಅಂಗಡಿಯಿಂದ ಡಜನ್ ತಂದು ಒಡೆಯಬೇಡಿ. ಆಗಿನದು ನಾಟಿ ಕೋಳಿ ಮೊಟ್ಟೆ, ಚಿಕ್ಕದು. ಒಂದೊಂದು 38 ಗ್ರಾಂ ಅಂತ ಹಿಡಿಯಿರಿ. ಹನ್ನೆರಡಕ್ಕೆ 456 ಗ್ರಾಂ. ಅಂದರೆ ಒಂದು ರಾತಲು! ಬೆಣ್ಣೆ ಒಂದು ರಾತಲು, ಸಕ್ಕರೆ ಒಂದು ರಾತಲು, ಮೈದಾ ರವೆ ಸೇರಿ ಒಂದು ರಾತಲು, ಮೊಟ್ಟೆಯೂ ಒಂದು ರಾತಲು. ಇಂಗ್ಲಿಷರ ಹಳೇ ಪೌಂಡ್ ಕೇಕಿನ ಲೆಕ್ಕವೇ ಇದು. ತಕ್ಕಡಿಯ ಒಂದು ಕಡೆ ಒಂದೇ ಕಲ್ಲು ಇಟ್ಟು ಎಲ್ಲವನ್ನೂ ತೂಗಿಬಿಡಬಹುದು. ಓದು ಬರಹ ಬೇಕಾಗಿಲ್ಲ. ನಿಮ್ಮ ತಾತನಿಗೆ ಇದು ಬಾಯಲ್ಲಿ ನಿಂತಿದ್ದು ಹೀಗೇ.

ಈಗಿನ ಫಾರಂ ಮೊಟ್ಟೆ ಆದರೆ ಒಂಬತ್ತು ಸಾಕು.

ಚಾಂಪಿಯನ್ ರೀಫ್ ಮಗಳು

ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ. ಅಮ್ಮನಿಗೆ ಓದಿ ಹೇಳಿದೆ. "ಹೌದು, ಅಪ್ಪ ಮೊಟ್ಟೆಯನ್ನೂ ತಕ್ಕಡಿಗೆ ಹಾಕುತ್ತಿದ್ದರು" ಅಂದರು. ತುಂಬಾ ಥ್ಯಾಂಕ್ಸ್ ಅಣ್ಣ.

ಕ್ಲೀವ್‌ಲ್ಯಾಂಡ್ ಟೌನ್ ಆಂಟಿ

ಮರಳಿನ ವಿಷಯ ನನಗೆ ಬಿಡಿ ಮಗಳೇ. ನಮ್ಮ ಬೀದಿಯಲ್ಲಿ ಆಂಗ್ಲೋ ಇಂಡಿಯನ್ ಮನೆಗಳೇ ಜಾಸ್ತಿ ಇದ್ದವು. ಓವನ್ ಇದ್ದದ್ದು ತುಂಬಾ ಕಮ್ಮಿ ಮನೆಯಲ್ಲಿ.

ದಪ್ಪ ತಳದ ಅಗಲ ಪಾತ್ರೆ ತೊಗೊಳ್ಳಿ. ತೊಳೆದು ಒಣಗಿಸಿದ ಮರಳು ಒಂದು ಇಂಚು ಹಾಸಿ. ಅದರ ಮೇಲೆ ಪಾತ್ರೆ ಇಡುವ ಕಬ್ಬಿಣದ ಸ್ಟ್ಯಾಂಡು. ಮುಚ್ಚಿ ಸಣ್ಣ ಉರಿಯಲ್ಲಿ ಕಾಲು ಗಂಟೆ ಕಾಯಿಸಿ. ಆಮೇಲೆ ಟಿನ್ ಇಡಿ. ಮರಳಿಲ್ಲದಿದ್ದರೆ ಕಲ್ಲುಪ್ಪು ಆಗುತ್ತದೆ. ಟಿನ್ನಿನ ಒಳಗೆ ಎರಡು ಪದರ ಬೆಣ್ಣೆ ಕಾಗದ ಹಾಸಬೇಕು. ಹಣ್ಣಿನ ಕೇಕ್ ತುಂಬಾ ಹೊತ್ತು ಬೇಯುವುದರಿಂದ ತಳ ಸೀದುಹೋಗುತ್ತದೆ.

ತೊಂದರೆ ಬರುವುದು ಮೇಲ್ಭಾಗದಲ್ಲಿ. ಕೆಂಡ ಮೇಲೆ ಇಲ್ಲದಿದ್ದರೆ ಕೇಕ್ ಬೇಯುತ್ತದೆ, ಆದರೆ ಮೇಲೆ ಬಿಳಚಿಕೊಂಡು ಅಂಟಂಟಾಗಿ ಉಳಿಯುತ್ತದೆ. ಅದಕ್ಕೆ ನಾನು ಪಕ್ಕದ ಒಲೆಯಲ್ಲಿ ಕಬ್ಬಿಣದ ದೋಸೆ ಹಂಚು ಚೆನ್ನಾಗಿ ಕಾಯಿಸಿ ಮುಚ್ಚಳದ ಮೇಲೆ ಇಡುತ್ತೇನೆ. ಆರಿದ ಹಾಗೆ ಮತ್ತೆ ಕಾಯಿಸಿ ಇಡುವುದು. ನಿಜವಾದ ಕೆಂಡವೇ ಬೇಕು ಅಂದರೆ ಅಂಗಳದಲ್ಲಿ ಮಾಡಿ. ಬಾಗಿಲು ಹಾಕಿದ ಅಡುಗೆಮನೆಯಲ್ಲಿ ಇದ್ದಿಲು ಹೊತ್ತಿಸಬೇಡಿ, ಆ ಹೊಗೆ ಪ್ರಾಣಕ್ಕೆ ಅಪಾಯ. ಬಂಗಲೆಗಳಲ್ಲಿ ಅಡುಗೆಮನೆ ಹಿತ್ತಲಲ್ಲಿ ಬೇರೆಯಾಗಿಯೇ ಇರುತ್ತಿತ್ತು, ಅದು ನೆನಪಿರಲಿ.

ಬಿಸಿ ನೋಡುವುದು ಹೇಗೆ? ಒಂದು ಚೂರು ಬಿಳೀ ಕಾಗದ ಒಳಗೆ ಇಟ್ಟು ಮುಚ್ಚಿ. ಐದು ನಿಮಿಷಕ್ಕೆ ತಿಳಿ ಕಂದು ಬಂದರೆ ಕೇಕಿಗೆ ಸರಿ. ಬೇಗ ಕಪ್ಪಾದರೆ ಜಾಸ್ತಿ ಆಯಿತು, ಉರಿ ಇಳಿಸಿ. ಥರ್ಮಾಮೀಟರ್ ಬರುವ ಮೊದಲು ಎಲ್ಲರೂ ನೋಡುತ್ತಿದ್ದದ್ದು ಹೀಗೇ.

ದೊಡ್ಡ ಕೇಕ್ ಆದರೆ ನಮ್ಮ ಕಡೆ ಯಾರೂ ಮನೆಯಲ್ಲಿ ಬೇಯಿಸುತ್ತಲೇ ಇರಲಿಲ್ಲ. ಹಿಟ್ಟು ಕಲಸಿ ಟಿನ್ನಿಗೆ ಹಾಕಿ, ಮೇಲೊಂದು ಬಟ್ಟೆ ಮುಚ್ಚಿ, ಬೇಕರಿಗೆ ಒಯ್ಯುವುದು. ಡಿಸೆಂಬರ್ ಮೂರನೇ ವಾರ ಬೇಕರಿ ಮುಂದೆ ಸಾಲೇ ಸಾಲು. ಪ್ರತಿ ಟಿನ್ನಿನ ಮೇಲೂ ಒಂದು ಕಾಗದದ ಚೂರು, ಅದರಲ್ಲಿ ಮನೆಯವರ ಹೆಸರು ಪೆನ್ಸಿಲಿನಲ್ಲಿ. ಪೆನ್ಸಿಲೇ ಆಗಬೇಕು, ಇಂಕು ಬೆಣ್ಣೆ ಜಿಡ್ಡಿಗೆ ಹರಡುತ್ತದೆ. ಬ್ರೆಡ್ ತೆಗೆದ ಮೇಲೆ ಸೌದೆ ಒಲೆಯಲ್ಲಿ ಉಳಿದ ಬಿಸಿ ಕೇಕಿಗೆ ಹೇಳಿ ಮಾಡಿಸಿದ ಹಾಗೆ. ಬೇಕರಿಯವರು ಉದ್ದನೆಯ ಮರದ ಸಲಿಕೆಯಲ್ಲಿ ಟಿನ್ ತಳ್ಳಿ, ಮಧ್ಯೆ ಒಮ್ಮೆ ತಿರುಗಿಸಿ, ಬಿದಿರು ಕಡ್ಡಿ ಚುಚ್ಚಿ ನೋಡಿ ತೆಗೆಯುತ್ತಿದ್ದರು. ಕೂಲಿ ಟಿನ್ನಿನ ಲೆಕ್ಕ.

ಪರ್ತ್ ಕನ್ನಡಿಗ

ಇಲ್ಲಿ ಆಸ್ಟ್ರೇಲಿಯಾಕ್ಕೆ ಬಂದು ನೆಲೆಸಿದ ಆಂಗ್ಲೋ ಇಂಡಿಯನ್ನರು ಬಹಳ ಮಂದಿ. ಬೆಂಗಳೂರು, ಕೆಜಿಎಫ್ ಕಡೆಯವರೂ ಸಿಗುತ್ತಾರೆ. ಅವರ ಮನೆಯ ಕೇಕ್ ತಿಂದಿದ್ದೇನೆ.

ನನ್ನದೊಂದು ಸಲಹೆ. ಪೇಠ ಬಿಟ್ಟುಬಿಡಿ. ಇಂಗ್ಲಿಷರ ಕೇಕಿನಲ್ಲಿ ಇರುವುದು ಸಕ್ಕರೆ ಪಾಕದಲ್ಲಿ ಬೇಯಿಸಿದ ಕಿತ್ತಳೆ, ನಿಂಬೆ ಸಿಪ್ಪೆ. ಅದು ಸಿಗದ ಕಾಲದಲ್ಲಿ ಬೂದುಗುಂಬಳದ ಪೇಠ ಹಾಕಿದರು. ಚೆರ್ರಿ ಬದಲು ಕವಳೆಕಾಯಿಗೆ ಕೆಂಪು ಬಣ್ಣ ಹಾಕಿ ಪಾಕದಲ್ಲಿ ಅದ್ದಿದರು. ಟೂಟಿ ಫ್ರೂಟಿ ಅಂದರೆ ಪಪ್ಪಾಯ ಕಾಯಿ. ಈಗ ಅಸಲಿ ಸಾಮಾನು ಎಲ್ಲ ಆನ್‌ಲೈನ್‌ನಲ್ಲಿ ಸಿಗುತ್ತದೆ. ಬದಲಿ ಸಾಮಾನು ಯಾಕೆ ಹಾಕಬೇಕು? ರವೆಯೂ ಅಷ್ಟೇ, ಆಗ ಒಳ್ಳೇ ಮೈದಾ ಸಿಗುತ್ತಿರಲಿಲ್ಲ ಅಂತ ಹಾಕಿದ್ದು.

ಚಾಂಪಿಯನ್ ರೀಫ್ ಮಗಳು

ನನಗೆ ಇಂಗ್ಲೆಂಡಿನ ಕೇಕ್ ಬೇಡ ಅಣ್ಣ. ತಾತ ಮಾಡಿದ ಕೇಕ್ ಬೇಕು. ಅದರಲ್ಲಿ ಪೇಠ ಇತ್ತು.

ಹಳೇ ಕಾಗದ

ಪರ್ತ್ ಅಣ್ಣನ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಬೇಡ.

ಬೆಂಗಳೂರು ದಂಡು, ಅಂದರೆ ಕಂಟೋನ್ಮೆಂಟ್, ಶುರುವಾದದ್ದು 1809ರಲ್ಲಿ. ಕೆಜಿಎಫ್‌ಗೆ ಜಾನ್ ಟೇಲರ್ ಕಂಪನಿ ಬಂದದ್ದು 1880ರಲ್ಲಿ. ವೈಟ್‌ಫೀಲ್ಡ್ ಆಂಗ್ಲೋ ಇಂಡಿಯನ್ನರ ಊರಾಗಿ ಹುಟ್ಟಿದ್ದು 1882ರಲ್ಲಿ. ಈ ಮೂರೂ ಕಡೆ ಬಂಗಲೆ ಅಡುಗೆ ತಲೆಮಾರುಗಟ್ಟಲೆ ನಡೆಯಿತು. ಅಷ್ಟು ವರ್ಷ, ಅಷ್ಟು ಮನೆಗಳಲ್ಲಿ ಪೇಠ, ರವೆ, ಸುಟ್ಟ ಸಕ್ಕರೆ ಹಾಕಿ ಮಾಡಿದ ಮೇಲೆ ಅದನ್ನು ಬದಲಿ ಅನ್ನುವುದು ಹೇಗೆ? ಅದೇ ಆ ಅಡುಗೆ. ಅವನ್ನು ತೆಗೆದರೆ ಉಳಿಯುವುದು ಬೇರೆ ಕೇಕ್.

ರವೆ ಬರೀ ಮೈದಾ ಕೊರತೆಗೆ ಹಾಕಿದ್ದಲ್ಲ. ಮದರಾಸು ಕಡೆ ಬ್ರೆಡ್ಡಿಗೂ ಸಣ್ಣ ರವೆ ಬಳಸುತ್ತಿದ್ದರು, ಅದು ನಿಜ. ಆದರೆ ಕೇಕಿನಲ್ಲಿ ಅದಕ್ಕೆ ಬೇರೆ ಕೆಲಸ ಇದೆ. ಚಿರೋಟಿ ರವೆ ಬೆಣ್ಣೆಯನ್ನೂ ಹಣ್ಣಿನ ರಸವನ್ನೂ ಹೀರಿಕೊಂಡು ಇಟ್ಟುಕೊಳ್ಳುತ್ತದೆ. ಕೇಕ್ ವಾರಗಟ್ಟಲೆ ಒಣಗುವುದಿಲ್ಲ. ಗೋವಾದವರ ಬಾತ್ ಕೇಕಿನಲ್ಲಿ, ಶ್ರೀಲಂಕಾದ ಲವ್ ಕೇಕಿನಲ್ಲಿ ರವೆ ಇರುವುದೂ ಸುಮ್ನೆ ಅಲ್ಲ.

ಬ್ರೆಡ್ ವಿಷಯ ಬಂತು ಅಂತ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಬಿಯರ್ ಮಾಡುವಲ್ಲಿಂದ ಈಸ್ಟ್ ಬರುತ್ತಿತ್ತು. ಇಲ್ಲಿ ಅದೆಲ್ಲಿ? ಹೆಂಡ ಇತ್ತು. ಬೆಳಗ್ಗೆ ಇಳಿಸಿದ ಹೊಸ ಹೆಂಡ ಹಾಕಿ ನಾದಿದರೆ ಹಿಟ್ಟು ಉಬ್ಬುತ್ತಿತ್ತು. ಬಿಸಿಲೇರಿದರೆ ಹೆಂಡ ಹುಳಿಯಾಗುತ್ತದೆ, ಬ್ರೆಡ್ಡೂ ಹುಳಿಯಾಗುತ್ತದೆ. ಅದಕ್ಕೇ ಬ್ರೆಡ್ ಹಿಟ್ಟಿನ ಕೆಲಸ ಹೊತ್ತು ಹುಟ್ಟುವಾಗಲೇ. ಬೇಕಿಂಗ್ ಪೌಡರನ್ನು 1843ರಲ್ಲಿ ಆಲ್ಫ್ರೆಡ್ ಬರ್ಡ್ ಕಂಡುಹಿಡಿದ. ಅದರ ಡಬ್ಬಿ ಹಡಗಿನಲ್ಲಿ ಬರತೊಡಗಿದ ಮೇಲೂ ನಮ್ಮ ಕಡೆ ಹೆಂಡ ಹಾಕುವುದು ಬಹಳ ಕಾಲ ನಿಲ್ಲಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಮದರಾಸಿನಲ್ಲಿದ್ದ ಸೇನಾಧಿಕಾರಿ ಕೆನ್ನಿ ಹರ್ಬರ್ಟ್ 1878ರಲ್ಲಿ ‘ವೈವರ್ನ್’ ಅನ್ನುವ ಹೆಸರಿನಲ್ಲಿ ಒಂದು ಅಡುಗೆ ಪುಸ್ತಕ ತಂದ. ಬಹಳ ಹೆಸರು ಮಾಡಿದ ಪುಸ್ತಕ. ಅದರಲ್ಲಿ ಅಡುಗೆಯವನ ಮಾತು ಬಂದಾಗೆಲ್ಲ ‘ರಾಮಸಾಮಿ’. ಯಾವ ಅಡುಗೆಯವನಾದರೂ ರಾಮಸಾಮಿಯೇ. ಊರು ಇಲ್ಲ, ಮನೆ ಇಲ್ಲ. ದನದ ಮಾಂಸ, ಹಂದಿ ಮಾಂಸ ಬೇಯುವ ಅಡುಗೆಮನೆಗೆ ಮೇಲ್ಜಾತಿಯವರು ಹೋಗುತ್ತಿರಲಿಲ್ಲ. ಮದರಾಸು ಸೀಮೆಯಲ್ಲಿ ಆ ಒಲೆ ಮುಂದೆ ಬೆವರು ಸುರಿಸಿದವರು ಹೆಚ್ಚಾಗಿ ದಲಿತರು, ಕ್ರೈಸ್ತರಾದ ದಲಿತರು. ಪುಸ್ತಕ ಬರೆದವರು ದೊರೆಗಳು, ದೊರೆಸಾನಿಯರು. ನೂರಾರು ದೊರೆಸಾನಿಯರ ಬರಹ ಉಳಿದಿದೆ. ಅಡುಗೆಯವರು ತಾವೇ ಹೇಳಿ ಬರೆಸಿದ್ದು ಬೆರಳೆಣಿಕೆ. ಹಾಗಾಗಿ ನಿಮ್ಮಮ್ಮನ ನೋಟ್‌ಬುಕ್ ಚಿನ್ನ ಕಣಮ್ಮಾ. ಅದರ ಪ್ರತಿ ಪುಟದ ಫೋಟೋ ತೆಗೆದಿಡಿ. ತಾತನ ಹೆಸರು, ಯಾವ ಬಂಗಲೆ, ಎಷ್ಟು ವರ್ಷ ಅಲ್ಲಿದ್ದರು ಅಂತ ಅಮ್ಮನನ್ನು ಕೇಳಿ ಅದರಲ್ಲೇ ಬರೆದು ಸೇರಿಸಿ. ಇವತ್ತೇ ಮಾಡಿ.

ಪರ್ತ್ ಕನ್ನಡಿಗ

ನೀವು ಹೇಳಿದ್ದು ಸರಿ ಸರ್. ನಾನು ಸಾಮಾನಿನ ರುಚಿ ಬಗ್ಗೆ ಮಾತ್ರ ಹೇಳಿದ್ದೆ. ಆದರೂ ಒಂದು ಮಾತು: ಈಗಿನ ಅಂಗಡಿ ಪೇಠ ಬರೀ ಸಕ್ಕರೆ. ಒಳ್ಳೆಯದನ್ನು ಆರಿಸಿ ತನ್ನಿ. ಜೊತೆಗೆ ಸ್ವಲ್ಪ ಕಿತ್ತಳೆ ಸಿಪ್ಪೆ ತುರಿದು ಹಾಕಿದರೆ ತಾತನೂ ಬೇಡ ಅನ್ನುವುದಿಲ್ಲ.

ಕಂಕನಾಡಿ ಬಾಯಿ

ಬಾಚಣಿಗೆ ಸಿಹಿ! ಅದು ಕುಲ್‌ಕುಲ್. ನಮ್ಮ ಮಂಗಳೂರು ಕಡೆ ಕೊಂಕಣಿಯಲ್ಲಿ ಕಿಡಿಯೊ ಅನ್ನುತ್ತೇವೆ. ಕ್ರಿಸ್‌ಮಸ್‌ಗೆ ಹಂಚುವ ಕುಸ್ವಾರ್ ತಟ್ಟೆಯಲ್ಲಿ ನೆವ್ರಿ, ಗುಳಿಯೊ, ರೋಸ್ ಕುಕ್ಕಿ ಜೊತೆ ಇದು ಇರಲೇಬೇಕು.

ಮೈದಾ, ಸ್ವಲ್ಪ ಚಿರೋಟಿ ರವೆ, ಬಿಸಿ ತುಪ್ಪ, ಚಿಟಿಕೆ ಉಪ್ಪು, ತೆಂಗಿನ ಹಾಲು. ಚಪಾತಿ ಹಿಟ್ಟಿಗಿಂತ ಗಟ್ಟಿ ಕಲಸಿ ಅರ್ಧ ಗಂಟೆ ಬಿಡಿ. ಗೋಲಿಯಷ್ಟು ಉಂಡೆ ತೊಗೊಂಡು ಬಾಚಣಿಗೆ ಹಲ್ಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹರಡಿ. ಹಾಗೇ ಒಂದು ತುದಿಯಿಂದ ಸುತ್ತಿಕೊಂಡು ಬನ್ನಿ. ಗೆರೆ ಹೊರಗಡೆ ಬರಬೇಕು. ಕೊನೆಯ ಅಂಚನ್ನು ಒತ್ತಿ ಮುಚ್ಚದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಮುಳ್ಳುಚಮಚದ ಹಿಂಭಾಗದಲ್ಲೂ ಮಾಡುತ್ತಾರೆ, ಆದರೆ ಬಾಚಣಿಗೆಯ ಗೆರೆ ಸಣ್ಣಗೆ ಚೆಂದ. ಹೊಸ ಬಾಚಣಿಗೆಯನ್ನು ಇದಕ್ಕೇ ಅಂತ ಎತ್ತಿಡಿ. ನಡು ಉರಿಯಲ್ಲಿ ಕರಿದು, ಸಕ್ಕರೆಯ ಗಟ್ಟಿ ಪಾಕದಲ್ಲಿ ಹೊರಳಿಸಿ ಒಣಗಲು ಬಿಡಿ.

ಒಬ್ಬರೇ ಕೂತು ಮಾಡುವ ಕೆಲಸ ಅಲ್ಲ ಇದು. ಮಕ್ಕಳನ್ನೆಲ್ಲ ಸೇರಿಸಿಕೊಳ್ಳಿ.

ಹೆಂಡದ ವಿಷಯಕ್ಕೆ: ನಮ್ಮ ಕಡೆ ಹಬೆಯಲ್ಲಿ ಬೇಯಿಸುವ ಅಕ್ಕಿಯ ಸನ್ನಣಕ್ಕೆ ಈಗಲೂ ಹೆಂಡ ಹಾಕುವವರು ಇದ್ದಾರೆ. ಕರಾವಳಿಯಲ್ಲಿ ಸಿಗುತ್ತದೆ. ನಿಮಗೆ ಆ ಕಡೆ ಕಷ್ಟ, ಈಸ್ಟ್ ಹಾಕಿ. ರುಚಿ ಮಾತ್ರ ಅದೇ ಬರುವುದಿಲ್ಲ.

ತಲಶ್ಶೇರಿ ಸೊಸೆ

ನಮ್ಮ ಗಂಡನ ಮನೆ ಊರಿನ ಕಥೆ ಯಾರೂ ಹೇಳಲಿಲ್ಲವಲ್ಲ! ಮಂಬಳ್ಳಿ ಬಾಪು ಅಂತ, 1880ರಲ್ಲಿ ತಲಶ್ಶೇರಿಯಲ್ಲಿ ಬಿಸ್ಕತ್ ಕಾರ್ಖಾನೆ ಹಾಕಿದವರು. 1883ರಲ್ಲಿ ಮರ್ಡಾಕ್ ಬ್ರೌನ್ ಅನ್ನುವ ತೋಟದ ದೊರೆ ಇಂಗ್ಲೆಂಡಿನಿಂದ ತಂದ ಕೇಕಿನ ಒಂದು ತುಂಡು ಕೊಟ್ಟು, "ಇಂಥದ್ದು ಮಾಡು" ಅಂದನಂತೆ. ಬಾಪು ಫ್ರೆಂಚ್ ಬ್ರಾಂದಿ ಬಿಟ್ಟು ಗೇರುಹಣ್ಣು, ಬಾಳೆಹಣ್ಣಿನಿಂದ ಮಾಡಿದ ಊರಿನ ಸಾರಾಯಿ ಹಾಕಿದರು ಅಂತ ಹೇಳುತ್ತಾರೆ. ದೊರೆ ತಿಂದು ಖುಷಿಯಾಗಿ ಒಂದು ಡಜನ್ ಕೇಕಿಗೆ ಹೇಳಿ ಹೋದನಂತೆ. ಹೆಸರು ಉಳಿಸಿಕೊಂಡ ಒಬ್ಬ ಬೇಕರಿಯವರು ಇವರು, ಅಲ್ವಾ ಸರ್?

ಹಳೇ ಕಾಗದ

ಹೌದಮ್ಮ. ಸ್ವಂತ ಅಂಗಡಿ ಇತ್ತು, ಮನೆತನದವರು ಅದೇ ಕೆಲಸ ಮುಂದುವರಿಸಿದರು, ಅದಕ್ಕೆ ಉಳಿಯಿತು. ಬಂಗಲೆಯ ಕೂಲಿ ಅಡುಗೆಯವರಿಗೆ ಆ ಭಾಗ್ಯ ಇರಲಿಲ್ಲ.

ರೈಲ್ವೆ ಕಾಲೋನಿ

ಎಲ್ಲರೂ ಕೇಕ್ ಹಿಂದೆಯೇ ಬಿದ್ದಿದ್ದೀರಿ. ಭಾನುವಾರದ ಊಟ ಏನಿತ್ತು ಆ ನೋಟ್‌ಬುಕ್ಕಿನಲ್ಲಿ? ಬಾಲ್ ಕರಿ, ಹಳದಿ ಅನ್ನ, ಡೆವಿಲ್ ಚಟ್ನಿ ಇದ್ದೇ ಇರಬೇಕು. ಈ ಮೂರೂ ಒಟ್ಟಿಗೇ ಹೋಗುವಂಥವು.

ಚಾಂಪಿಯನ್ ರೀಫ್ ಮಗಳು

ಇದೆ ಇದೆ! "ಕೈಮಾ ಉಂಡೆ ಸಾರು" ಅಂತ ಬರೆದಿದ್ದಾರೆ. ಆದರೆ ಉಂಡೆ ಒಡೆದುಹೋಗುತ್ತವೆ ಅಂತ ಅಮ್ಮ ಹೇಳುತ್ತಾರೆ. ಏನು ಮಾಡಬೇಕು?

ರೈಲ್ವೆ ಕಾಲೋನಿ

ಕೈಮಾ ತೊಳೆದು ಒಂದು ಗಂಟೆ ಜರಡಿಯಲ್ಲಿ ಬಿಡಿ. ನೀರು ಇದ್ದರೆ ಒಡೆಯುವುದು ಖಂಡಿತ. ಹಸಿಮೆಣಸಿನಕಾಯಿ, ಕೊತ್ತಂಬರಿ ತೀರಾ ಸಣ್ಣಗೆ ಹೆಚ್ಚಿ ಹಾಕಿ, ಉಪ್ಪು ಅರಿಶಿನ ಸೇರಿಸಿ, ಅಂಟು ಬರುವ ತನಕ ಕೈಯಲ್ಲಿ ನಾದಿ. ಮಸಾಲೆ ಅಂದರೆ ಈರುಳ್ಳಿ, ಶುಂಠಿ ಬೆಳ್ಳುಳ್ಳಿ, ಧನಿಯಾ, ಖಾರದ ಪುಡಿ, ಟೊಮೆಟೊ, ರುಬ್ಬಿದ ತೆಂಗಿನಕಾಯಿ. ಅದು ಕೊತಕೊತ ಕುದಿಯುವಾಗ ಹಸಿ ಉಂಡೆಗಳನ್ನು ಒಂದೊಂದಾಗಿ ಬಿಡಿ. ಮೊದಲ ಹತ್ತು ನಿಮಿಷ ಸೌಟು ಹಾಕಲೇಬೇಡಿ. ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ನಿಧಾನಕ್ಕೆ ಅಲ್ಲಾಡಿಸಿ, ಸಾಕು.

ಅನ್ನಕ್ಕೆ ತೆಂಗಿನ ಹಾಲು, ಅರಿಶಿನ, ತುಪ್ಪ, ಚಕ್ಕೆ ಲವಂಗ. ಡೆವಿಲ್ ಚಟ್ನಿಗೆ ಹಸಿ ಈರುಳ್ಳಿ, ನೆನೆಸಿದ ಒಣಮೆಣಸಿನಕಾಯಿ, ಸಕ್ಕರೆ, ಉಪ್ಪು, ವಿನೆಗರ್. ರುಬ್ಬಿದರೆ ಗುಲಾಬಿ ಬಣ್ಣ ಬರುತ್ತದೆ. ಒಗ್ಗರಣೆ ಬೇಡ.

ಮಿಕ್ಕ ದಿನ ಪೆಪ್ಪರ್ ವಾಟರ್, ಅಂದರೆ ನಮ್ಮ ಮೆಣಸು ಸಾರೇ, ಜೊತೆಗೆ ಒಣ ಮಾಂಸದ ಪಲ್ಯ. ಆ ಮೆಣಸು ಸಾರಿಗೇ ಮಾಂಸ ಬೇಯಿಸಿದ ನೀರು ಸೇರಿಸಿ ದೊರೆಗಳು ಮಲಿಗಟಾನಿ ಸೂಪು ಮಾಡಿಕೊಂಡರು. ಮದರಾಸು ಕಡೆಯ ಇಂಗ್ಲಿಷರಿಗೆ ‘ಮಲ್’ ಅಂತ ಅಡ್ಡಹೆಸರು ಬಿದ್ದದ್ದೇ ಈ ಸಾರಿನಿಂದ. ಅಷ್ಟು ಕುಡಿಯುತ್ತಿದ್ದರು.

ಕ್ಲೀವ್‌ಲ್ಯಾಂಡ್ ಟೌನ್ ಆಂಟಿ

ಮಗಳೇ, ಸುಟ್ಟ ಸಕ್ಕರೆ ನೀರು ಮರೆತೆ. ಅದರಲ್ಲೇ ಇರುವುದು ಬಣ್ಣ, ಆ ಸಣ್ಣ ಕಹಿ ಎರಡೂ. 100 ಗ್ರಾಂ ಸಕ್ಕರೆ ದಪ್ಪ ತಳದ ಪಾತ್ರೆಯಲ್ಲಿ ಕರಗಿಸಿ. ಕೆಂಪಾದಾಗ ಭಯಪಟ್ಟು ಇಳಿಸಬೇಡಿ. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಹೊಗೆ ಎದ್ದ ಕೂಡಲೇ ಒಲೆ ಆರಿಸಿ, ಹಿಂದೆ ಸರಿದು ನಿಂತು, ಅರ್ಧ ಲೋಟ ಬಿಸಿ ನೀರು ಹುಯ್ಯಿರಿ. ತಣ್ಣೀರು ಹಾಕಿದರೆ ಮುಖಕ್ಕೇ ಸಿಡಿಯುತ್ತದೆ. ಪೂರ್ತಿ ಆರಿದ ಮೇಲೆ ಹಿಟ್ಟಿಗೆ ಸೇರಿಸಿ.

ಹಣ್ಣನ್ನು ಬ್ರಾಂದಿಯಲ್ಲೋ ರಮ್ಮಿನಲ್ಲೋ ಒಂದು ತಿಂಗಳು ಗಾಜಿನ ಜಾಡಿಯಲ್ಲಿ ನೆನೆಸಿ. ಹಿಟ್ಟಿಗೆ ಹಾಕುವ ಮೊದಲು ಸ್ವಲ್ಪ ಮೈದಾದಲ್ಲಿ ಹೊರಳಿಸಿ, ತಳಕ್ಕೆ ಇಳಿಯುವುದಿಲ್ಲ. ಕಲಸಿದ ಹಿಟ್ಟು ಅರ್ಧ ಗಂಟೆ ಬಿಡಿ, ರವೆ ನೆನೆಯಲಿ. ನಿಮ್ಮ ಅಳತೆಯ ಅರ್ಧ ಮಾಡಿದರೆ ಎಂಟು ಇಂಚಿನ ಒಂದು ಟಿನ್ ಆಗುತ್ತದೆ. ಓವನ್ ಆದರೆ 150 ಡಿಗ್ರಿಯಲ್ಲಿ ಎರಡು ಗಂಟೆ ಹತ್ತಿರ. ಮರಳಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿ.

ಹಾಸನದ ಹುಡುಗ

ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ, ರಮ್ಮೂ ಇಲ್ಲ. ಆದರೆ ಈ ಚರ್ಚೆ ಓದಿ ಅಜ್ಜಿಗೆ ಆಸೆ ಹುಟ್ಟಿದೆ. ದಾರಿ ಇದೆಯಾ?

ಗಾಂಧಿಬಜಾರ್ ತಕ್ಕಡಿ

ಹಾಸನದವರು ಇದನ್ನು ಕೇಳುವುದಾ! ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬೇರು ಇರುವುದೇ ನಿಮ್ಮ ಜಿಲ್ಲೆಯಲ್ಲಿ. 1898ರಲ್ಲಿ ಚಿಕ್ಕಪೇಟೆ ಕಡೆ ಬಿ. ಬಿ. ಬೇಕರಿ ಶುರು ಮಾಡಿದ ತಿರುಮಲಾಚಾರ್ ಅವರಿಗೆ ಬ್ರೆಡ್ ಮಾಡುವುದನ್ನು ಹೇಳಿಕೊಟ್ಟದ್ದು ಅಂಗಡಿಗೆ ಬರುತ್ತಿದ್ದ ಒಬ್ಬ ಇಂಗ್ಲಿಷಿನವರು ಅಂತ ಹೇಳುತ್ತಾರೆ. ಅವರು ಕಲಿತ ವಿದ್ಯೆಯಿಂದ ಮೊಟ್ಟೆ ತೆಗೆದರು, ಖಾರದ ಬನ್ನು ಸೇರಿಸಿದರು. ಅದೂ ದೊರೆಗಳ ಕಾಲದ ಬೇಕಿಂಗೇ.

ಅಜ್ಜಿಗೆ ಹೀಗೆ ಮಾಡಿಕೊಡಿ. ಮೈದಾ 200 ಗ್ರಾಂ, ಚಿರೋಟಿ ರವೆ 50, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಸೋಡಾ ಅರ್ಧ. ಬೆಣ್ಣೆ 125 ಗ್ರಾಂ ಕರಗಿಸಿ, 400 ಗ್ರಾಂ ಕಂಡೆನ್ಸ್ಡ್ ಮಿಲ್ಕ್ ಜೊತೆ ನೊರೆ ಬರುವ ಹಾಗೆ ಕಲಸಿ. ಬೇರೆ ಸಕ್ಕರೆ ಬೇಡ, ಆಂಟಿ ಹೇಳಿದ ಸುಟ್ಟ ಸಕ್ಕರೆ ನೀರು ಮಾತ್ರ. ಹಿಟ್ಟು ದೋಸೆ ಹಿಟ್ಟಿಗಿಂತ ಗಟ್ಟಿ ಇರಬೇಕು, ಬೇಕಾದರೆ ಸ್ವಲ್ಪ ಹಾಲು. ಹಣ್ಣು 300 ಗ್ರಾಂ, ರಮ್ ಬದಲು ಕಿತ್ತಳೆ ರಸದಲ್ಲಿ ನೆನೆಸಿ. ರಸದಲ್ಲಿ ನೆನೆಸಿದ್ದನ್ನು ಹೊರಗೆ ತಿಂಗಳುಗಟ್ಟಲೆ ಇಡಬೇಡಿ, ಕೆಡುತ್ತದೆ. ಹಿಂದಿನ ರಾತ್ರಿ ನೆನೆಸಿ ಫ್ರಿಜ್ಜಿನಲ್ಲಿಡಿ. ಸೋಡಾ ಇರುವುದರಿಂದ ಈ ಹಿಟ್ಟನ್ನು ಹಾಗೇ ಬಿಡದೆ ಕೂಡಲೇ ಒಲೆಗೆ ಇಡಬೇಕು. ರವೆಯನ್ನು ಬೇಕಾದರೆ ಮೊದಲೇ ಹಾಲಿನಲ್ಲಿ ನೆನೆಸಿಕೊಳ್ಳಿ.

ಹಾಸನದ ಹುಡುಗ

ಕಂಡೆನ್ಸ್ಡ್ ಮಿಲ್ಕ್ ಮನೆಯಲ್ಲೇ ಕಾಯಿಸಿ ಮಾಡಿದ್ದು ನಡೆಯುತ್ತದಾ ಸರ್?

ಗಾಂಧಿಬಜಾರ್ ತಕ್ಕಡಿ

ನಡೆಯುತ್ತದೆ. ಒಂದು ಲೀಟರ್ ಗಟ್ಟಿ ಹಾಲಿಗೆ 200 ಗ್ರಾಂ ಸಕ್ಕರೆ ಹಾಕಿ, 400 ಗ್ರಾಂ ಉಳಿಯುವ ತನಕ ಕೈಯಾಡಿಸುತ್ತಾ ಕಾಯಿಸಿ. ಖಾಲಿ ಪಾತ್ರೆಯ ತೂಕ ಮೊದಲೇ ನೋಡಿಟ್ಟುಕೊಳ್ಳಿ, ಆಗ ತೂಗುವುದು ಸುಲಭ.